ಲಕೋಟೆ ಗುಮಾಸ್ತರ ಮಗಳು

ನಮ್ಮ ದೊಡ್ಡಮ್ಮ ಮೂವತ್ತೊಂಬತ್ತು ವರ್ಷ ಒಂದೇ ಮುದ್ರಣಾಲಯದಲ್ಲಿ, ಒಂದೇ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು ಬೇರೆಯವರ ತಪ್ಪು ಹುಡುಕಿದವಳು. ಪ್ರೆಸ್ಸಿನಲ್ಲಿ ಅದಕ್ಕೆ ಸಂಬಳ ಕೊಡುತ್ತಿದ್ದರು. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದಳು, ಅದೂ ಹೆಚ್ಚಾಗಿ ನನ್ನ ಮೇಲೆ. ಬಟ್ಟೆ ಒಣಹಾಕಿದ್ದು ಸೊಟ್ಟ, ಬಾಗಿಲು ಹಾಕಿದ್ದು ಜೋರು, ಹಾಲಿನವರಿಗೆ ಬರೆದಿಟ್ಟ ಚೀಟಿಯಲ್ಲಿ ತಾರೀಖಿಲ್ಲ. ಪ್ರೆಸ್ಸಿನವರು ಅವಳಿಗೆ ‘ಕೆಂಪಿಂಕು’ ಎಂದು ಹೆಸರಿಟ್ಟಿದ್ದರು. ಮಾಲೀಕರಿಂದ ಹಿಡಿದು ಮಶಿನ್ ನಡೆಸುವವರ ತನಕ ಎಲ್ಲರೂ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು.

ನಾನು ಅವಳ ತಂಗಿಯ ಮಗಳು. ಎರಡು ಕಡೆ ಕೆಲಸಕ್ಕೆ ಸೇರಿ, ಎರಡು ಕಡೆಯೂ ಮೇಲಿನವರ ಜತೆ ಜಗಳವಾಡಿ ಬಿಟ್ಟು ಬಂದಾಗ, "ಇವಳ ಬಾಯಿಗೆ ತಕ್ಕ ಕೆಲಸ ನಾನು ಕೊಡಿಸ್ತೀನಿ" ಎಂದು ದೊಡ್ಡಮ್ಮ ನನ್ನನ್ನು ತನ್ನ ಮೇಜಿನ ಎದುರು ಕೂರಿಸಿಕೊಂಡಳು. ಕೆಲಸ ಇಷ್ಟೇ. ಲೇಖಕರ ಕೈಬರಹದ ಪ್ರತಿ ನನ್ನ ಮುಂದೆ, ಅಚ್ಚಿನ ಕರಡು ಅವಳ ಮುಂದೆ. ನಾನು ಗಟ್ಟಿಯಾಗಿ ಓದಬೇಕು, ಅವಳು ಪೆನ್ನು ಹಿಡಿದು ಅದರ ಹಿಂದೆಯೇ ಬರಬೇಕು. ಕತೆ ಓದಿದ ಹಾಗೆ ಓದುವಂತಿಲ್ಲ. ಕಾಮಾ ಬಂದರೆ ‘ಕಾಮಾ’ ಅನ್ನಬೇಕು, ವಾಕ್ಯ ಮುಗಿದರೆ ‘ನಿಲ್ಲು’, ಯಾರದೋ ಮಾತು ಶುರುವಾದರೆ ‘ಕೊಕ್ಕೆ’, ಮುಗಿದರೆ ‘ಕೊಕ್ಕೆ ಮುಚ್ಚು’. ದನಿ ಏರಬಾರದು, ಇಳಿಯಬಾರದು. ಒಮ್ಮೆ ಯಾವುದೋ ಕಾದಂಬರಿಯಲ್ಲಿ ತಾಯಿ ಸಾಯುವ ಪುಟ ಬಂದಾಗ ನಾನು ಓದು ನಿಲ್ಲಿಸಿ ಕಣ್ಣೊರೆಸಿಕೊಂಡೆ. ದೊಡ್ಡಮ್ಮ ಪೆನ್ನಿನ ತುದಿಯಿಂದ ಮೇಜು ಕುಟ್ಟಿದಳು.

"ಅಳೋದಾದ್ರೆ ಹೊರಗೆ ಹೋಗಿ ಅತ್ತು ಬಾ. ಅರ್ಥಕ್ಕೆ ಮನಸ್ಸು ಕೊಟ್ಟೆಯೋ, ಅಕ್ಷರ ಕೈಬಿಟ್ಟು ಹೋಗುತ್ತೆ. ನಮ್ಮನ್ನ ಇಟ್ಕೊಂಡಿರೋದು ಅಕ್ಷರಕ್ಕೆ."

ಹೀಗೆ ನಾವಿಬ್ಬರೂ ವರ್ಷಗಟ್ಟಲೆ ಲಕ್ಷಾಂತರ ಪುಟ ಓದಿ ಏನೊಂದನ್ನೂ ಓದದೆ ಉಳಿದೆವು. ಇದು ನಮ್ಮ ಕಸುಬಿನ ಹೆಚ್ಚುಗಾರಿಕೆ ಅಂತಲೇ ತಿಳಿದಿದ್ದೆವು.

ಆಮೇಲೆ ಸಾಹುಕಾರರ ಜೀವನಚರಿತ್ರೆ ಬಂತು.

ಏಳುನೂರ ಅರವತ್ತೆಂಟು ಪುಟದ ಪುಸ್ತಕ. ಹದಿನಾರು ಪುಟಕ್ಕೊಂದು ಫಾರಂ ಲೆಕ್ಕದಲ್ಲಿ ನಲವತ್ತೆಂಟು ಫಾರಂ. ಸಾಹುಕಾರರು ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬ ನಿವೃತ್ತ ಪ್ರೊಫೆಸರು ಆರು ವರ್ಷವೂ ಅವರ ದಿನಚರಿ, ಕಾಗದ ಪತ್ರಗಳ ನಡುವೆ ಕೂತು ಬರೆದಿದ್ದರು. ತಳ್ಳುಗಾಡಿಯಲ್ಲಿ ಖಾಲಿ ಬಾಟಲಿ ಕೊಳ್ಳುತ್ತಾ ಶುರುಮಾಡಿದ ಮನುಷ್ಯ ಗಾಜಿನ ಕಾರ್ಖಾನೆ ಕಟ್ಟಿದ್ದರು, ಆಮೇಲೆ ಇನ್ನೂ ಏಳು ಕಟ್ಟಿದ್ದರು, ಆಸ್ಪತ್ರೆ ಕಟ್ಟಿಸಿದ್ದರು, ಪತ್ರಿಕೆ ನಡೆಸಿದ್ದರು. ಕುದುರೆ ಸತ್ತಿತೆಂದು ಎರಡು ದಿನ ಊಟ ಬಿಟ್ಟವರು, ಒಡಹುಟ್ಟಿದ ತಮ್ಮ ಸತ್ತಾಗ ಮುಖ ನೋಡಲಿಕ್ಕೂ ಹೋಗಲಿಲ್ಲ. ಕಣ್ಣು ಕಳಕೊಂಡ ಕೆಲಸಗಾರನಿಗೆ ಜೀವಮಾನವಿಡೀ ಸಂಬಳ ಕೊಟ್ಟವರು, ಕುಲುಮೆಯ ಮುಂದೆ ನಿಂತವರಿಗೆ ಕೊಡುತ್ತಿದ್ದ ಎರಡನೇ ಲೋಟ ಚಹಾ ನಿಲ್ಲಿಸಿದ್ದರು. ಇಂಥವರನ್ನು ಒಳ್ಳೆಯವರು ಅನ್ನಲೂ ಬಾರದು, ಕೆಟ್ಟವರು ಅನ್ನಲೂ ಬಾರದು. ನನ್ನನ್ನು ಕೇಳಿದರೆ ಕೆಟ್ಟವರು ಅನ್ನುತ್ತೇನೆ.

ಯಾಕೆಂದರೆ ನಮ್ಮ ತಾತ, ಅಂದರೆ ದೊಡ್ಡಮ್ಮನ ಅಪ್ಪ, ಹದಿನಾಲ್ಕು ವರ್ಷ ಅವರ ಗುಮಾಸ್ತರಾಗಿದ್ದರು. ಸಾಹುಕಾರರು ದಿನಾ ಬೆಳಿಗ್ಗೆ ಹನ್ನೊಂದು ಕಾಗದ ಹೇಳಿ ಬರೆಸುವುದು, ತಾತ ಬೆರಳಚ್ಚು ಮಾಡಿ, ಲಕೋಟೆಗೆ ಹಾಕಿ, ಅಂಟಿಸಿ ಅಂಚೆಗೆ ಕಳಿಸುವುದು. ಐವತ್ತೊಂದು ವರ್ಷದ ಹಿಂದೆ ಒಂದು ದಿನ ಹನ್ನೊಂದರಲ್ಲಿ ಎರಡು ಕಾಗದ ಅದಲುಬದಲಾದವು. ತಮ್ಮನಿಗೆ ಬರೆದದ್ದು ಪಾಲುದಾರನಿಗೆ ಹೋಯಿತು, ಪಾಲುದಾರನಿಗೆ ಬರೆದದ್ದು ತಮ್ಮನಿಗೆ. ಒಂದರಲ್ಲಿ ಪಾಲುದಾರನನ್ನು ಹೊರಹಾಕುವ ಮಾತಿತ್ತು, ಇನ್ನೊಂದರಲ್ಲಿ ತಮ್ಮನನ್ನು. ಇಬ್ಬರೂ ಕಚ್ಚಾಡಿ, ನಾಲ್ಕು ತಿಂಗಳಲ್ಲಿ ಮೊದಲ ಕಾರ್ಖಾನೆಯ ಬಾಗಿಲು ಮುಚ್ಚಿತು. ನಾನೂರು ಜನ ಬೀದಿಗೆ ಬಿದ್ದರು, ಅವರಲ್ಲಿ ಹೆಚ್ಚಿನವರು ನಮ್ಮ ಅಕ್ಕಪಕ್ಕದ ಬೀದಿಯವರೇ. ತಾತನಿಗೆ ‘ಲಕೋಟೆ ಗುಮಾಸ್ತ’ ಎಂಬ ಹೆಸರು ಬಿತ್ತು. ನನ್ನ ಅಮ್ಮನಿಗೂ ದೊಡ್ಡಮ್ಮನಿಗೂ ಶಾಲೆಯಲ್ಲಿ ‘ಲಕೋಟೆಯ ಮಕ್ಕಳು’ ಎಂಬ ಹೆಸರು.

ತಾತ ಹೇಳುತ್ತಿದ್ದದ್ದು ಒಂದೇ ಮಾತು. "ಆ ಎರಡು ಕಾಗದಾನ ಅವತ್ತು ಅವರೇ ಮಡಚಿ ಲಕೋಟೆಗೆ ಹಾಕಿ ಕೊಟ್ರು. ನಾನು ಅಂಟು ಹಚ್ಚಿದ್ದು ಅಷ್ಟೇ." ಜೋರಾಗಿ ಹೇಳಲಿಲ್ಲ, ಯಾರ ಮನೆ ಮುಂದೆಯೂ ನಿಂತು ಕೂಗಲಿಲ್ಲ. ಕೇಳಿದವರಿಗೆ ಹೇಳಿದರು, ಕೇಳಿದವರು ನಕ್ಕರು. ನಗದೆ ಏನು ಮಾಡುತ್ತಾರೆ? ತಾತ ಎಡಗಾಲಿಗೆ ಒಬ್ಬರ ಚಪ್ಪಲಿ, ಬಲಗಾಲಿಗೆ ಇನ್ನೊಬ್ಬರದು ಮೆಟ್ಟಿಕೊಂಡು ಬರುವವರು. ಒಮ್ಮೆ ಕರೆಂಟ್ ಬಿಲ್ಲನ್ನು ಶಾಲೆಗೂ, ದೊಡ್ಡಮ್ಮನ ರಜಾಚೀಟಿಯನ್ನು ಕರೆಂಟ್ ಆಫೀಸಿಗೂ ಕೊಟ್ಟು ಬಂದಿದ್ದರು. ಕಾರ್ಖಾನೆ ಮುಚ್ಚಿದಾಗ ದೊಡ್ಡಮ್ಮನಿಗೆ ಹನ್ನೆರಡು ವರ್ಷ. ತಪ್ಪು ಅಪ್ಪನದೇ ಎಂದು ಅವಳು ಆವತ್ತೇ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಳು. ಅಪ್ಪನಿಗೆ ಅದನ್ನು ಹೇಳಲಿಲ್ಲ. ಅಪ್ಪ ಬಿಟ್ಟುಹಾಕಿದ್ದನ್ನು ತಾನು ಜನ್ಮವಿಡೀ ಹುಡುಕುತ್ತೇನೆ ಎಂಬ ಹಟಕ್ಕೆ ಬಿದ್ದು ಕರಡು ತಿದ್ದುವವಳಾದಳು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ, ಅವಳೇ ಒಂದು ದಿನ ನನ್ನ ಮುಂದೆ ಬಾಯಿಬಿಟ್ಟು ಹೇಳಿದ್ದು.

ಪುಸ್ತಕ ನಮ್ಮ ಪ್ರೆಸ್ಸಿಗೆ ಬಂದಿದೆ ಎಂದು, ನಮ್ಮಿಬ್ಬರ ಜತೆ ಒಂದೇ ಮನೆಯಲ್ಲಿದ್ದ ತಾತನಿಗೂ ತಿಳಿಯಿತು. ಆಗ ಅವರಿಗೆ ಎಂಬತ್ತೆಂಟು. ಮಾರನೆಯ ದಿನ ನಾವು ಕೆಲಸ ಮುಗಿಸಿ ಬರುವಷ್ಟರಲ್ಲಿ ಶರಟು ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು.

"ಬಂತಾ?"

"ಏನು ಬಂತಾ, ಅಪ್ಪಾ?"

"ನಾನು. ಪುಸ್ತಕದಲ್ಲಿ."

ಅಂದಿನಿಂದ ದಿನಾ ಅದೇ. ನಾವು ಚಪ್ಪಲಿ ಬಿಡುವ ಮೊದಲೇ "ಬಂತಾ?" ಅನ್ನುವುದು, ದೊಡ್ಡಮ್ಮ "ಇನ್ನೂ ಇಲ್ಲ" ಅನ್ನುವುದು. ಅವರಿಗೆ ಬೇಕಾಗಿದ್ದು ಒಂದೇ. ಸಾಹುಕಾರರು ತಮ್ಮ ದಿನಚರಿಯಲ್ಲಿ ಆ ದಿನದ ಬಗ್ಗೆ ಏನು ಬರೆದಿದ್ದಾರೆ, ಅಪವಾದ ತೊಳೆದಿದ್ದಾರೋ ಇಲ್ಲವೋ. ದೊಡ್ಡಮ್ಮ ಅಧ್ಯಾಯಗಳ ಪಟ್ಟಿ ನೋಡಿಟ್ಟುಕೊಂಡಿದ್ದಳು. ಕಾರ್ಖಾನೆ ಮುಚ್ಚಿದ ಕತೆ ಹತ್ತೊಂಬತ್ತನೇ ಅಧ್ಯಾಯ, ಇಪ್ಪತ್ತೈದನೇ ಫಾರಂ. "ಅಲ್ಲಿ ಬರುತ್ತೆ, ಅಲ್ಲೀ ತನಕ ನನ್ನ ತಲೆ ತಿನ್ಬೇಡಿ" ಎಂದಳು. ಎಂದವಳು ತಾನೇ ಒಳಗೊಳಗೆ ಬೇಯತೊಡಗಿದಳು. ಫಾರಂ ಹದಿನೈದು ದಾಟಿದ ಮೇಲೆ ಅವಳಿಗೆ ರಾತ್ರಿ ನಿದ್ದೆ ಇರಲಿಲ್ಲ, ಹಗಲು ಹಸಿವಿರಲಿಲ್ಲ. ನನ್ನ ಬಟ್ಟೆ ಸೊಟ್ಟಗೆ ನೇತಾಡುತ್ತಿದ್ದರೂ ಸುಮ್ಮನಿದ್ದಳು. ಅದನ್ನು ನೋಡಿ ನನಗೂ ಭಯ ಹತ್ತಿತು.

ಒಂದು ದಿನ ಬಿಡುವಿನಲ್ಲಿ ಕೇಳಿಯೇಬಿಟ್ಟೆ. "ದೊಡ್ಡಮ್ಮ, ಕೆಟ್ಟದಾಗಿ ಬರೆದಿದ್ರೆ ಏನ್ ಮಾಡ್ತೀಯ? ಕೆಂಪು ಗೀಟು ಎಳೆದುಬಿಡು. ಯಾರಿಗೆ ಗೊತ್ತಾಗುತ್ತೆ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಾಯಿ ಮುಚ್ಕೊಂಡು ಓದು" ಅಂದಳು. ಓದಿದೆ.

ಹತ್ತೊಂಬತ್ತನೇ ಅಧ್ಯಾಯ ಒಂದು ಮಂಗಳವಾರ ಬಂತು. ಅವತ್ತು ನನ್ನ ದನಿ ಏನೇ ಮಾಡಿದರೂ ಸಮ ಇರಲಿಲ್ಲ, ಅವಳೂ ಮೇಜು ಕುಟ್ಟಲಿಲ್ಲ. ಪುಟ ಮುನ್ನೂರ ಎಂಬತ್ತೆಂಟು. ಸಾಲುಗಳನ್ನು ಓದುತ್ತಾ ಓದುತ್ತಾ ಅದು ಬಂದೇಬಿಟ್ಟಿತು: "ಗುಮಾಸ್ತನೊಬ್ಬನ ಅಜಾಗರೂಕತೆಯಿಂದ ಎರಡು ಪತ್ರಗಳು ಅದಲುಬದಲಾಗಿ ಕಾಮಾ ಕಂಪನಿಯ ಮೊದಲ ಕಾರ್ಖಾನೆಯನ್ನು ಮುಚ್ಚಬೇಕಾಗಿ ಬಂತು ನಿಲ್ಲು."

ಅಷ್ಟೇ. ಐವತ್ತೊಂದು ವರ್ಷಕ್ಕೆ ಒಂದು ವಾಕ್ಯ. ಹೆಸರೂ ಇಲ್ಲ. ಮುಂದಿನ ಸಾಲಿನಲ್ಲಿ ಸಾಹುಕಾರರು ಆಗಲೇ ಎರಡನೇ ಕಾರ್ಖಾನೆಗೆ ಜಾಗ ನೋಡಲು ಹೊರಟಿದ್ದರು. ನಾನು ತಲೆಯೆತ್ತಿ ನೋಡಿದೆ. ದೊಡ್ಡಮ್ಮ ಆ ಸಾಲಿನ ಅಡಿಯಲ್ಲಿ ಪೆನ್ನು ಹಿಡಿದು ಕೂತಿದ್ದಳು. ಸಾಲಿನಲ್ಲಿ ಅಕ್ಷರದ ತಪ್ಪು ಒಂದೂ ಇರಲಿಲ್ಲ. ಅವಳು ಪೆನ್ನನ್ನು ಮುಂದಿನ ಸಾಲಿಗೆ ಸರಿಸಿ "ಹ್ಞೂಂ" ಅಂದಳು. ಆ ಫಾರಂ ಮುಗಿಸಿ, ಕೊನೆಯಲ್ಲಿ ತನ್ನ ಸಹಿ ಹಾಕಿದಳು. ಸಹಿ ಬಿತ್ತೆಂದರೆ ಫಾರಂ ಮಶಿನ್ನಿನ ಸರದಿಗೆ ಸೇರಿತು, ಮತ್ತೆ ಯಾರೂ ಅದನ್ನು ತೆಗೆದು ನೋಡುವುದಿಲ್ಲ.

ನಾಲ್ಕು ದಿನ "ಇನ್ನೂ ಇಲ್ಲ" ಅಂದಳು. ಐದನೇ ದಿನ ತಾತ ಕುರ್ಚಿಯಿಂದ ಎದ್ದು ನಿಂತರು.

"ಬಂದಿದೆ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ? ಏನಿದೆ ಹೇಳು."

ಅವಳಿಗೆ ಸುಳ್ಳು ಬರುವುದಿಲ್ಲ ಅಂತಲ್ಲ. ಓದಿದ ಸಾಲನ್ನು ಬದಲಾಯಿಸಿ ಹೇಳಲು ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ನನಗೆ ಅವಳ ಬಾಯಿ ಮುಚ್ಚಿಬಿಡಬೇಕು ಅನ್ನಿಸಿತು. ತಾತ ಕೇಳಿಸಿಕೊಂಡು, ಶರಟಿನ ಗುಂಡಿ ಒಂದೊಂದಾಗಿ ಬಿಚ್ಚಿ, ಶರಟನ್ನು ಮೊಳೆಗೆ ನೇತುಹಾಕಿ ಒಳಗೆ ಹೋಗಿ ಮಲಗಿದರು. ಮಾರನೆಯ ದಿನ "ಬಂತಾ?" ಎಂದು ಕೇಳುವವರಿರಲಿಲ್ಲ. ಆ ಪ್ರಶ್ನೆ ಇಲ್ಲದ ಮನೆಗೆ ಕಾಲಿಡುವುದು ಎಷ್ಟು ಕಷ್ಟವಾಯಿತೆಂದರೆ, ನಾವಿಬ್ಬರೂ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆವು.

ಒಂದು ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ತಾತ ಮಾತು ತೆಗೆದರು.

"ಪ್ರೊಫೆಸರು ಆರು ವರ್ಷ ಕೂತು ಬರೆದಿದಾರೆ. ದಿನಚರಿ ಎಲ್ಲಾ ನೋಡಿದಾರೆ. ಸುಮ್ಮನೆ ಬರೀತಾರಾ?"

ದೊಡ್ಡಮ್ಮ ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

"ನಾನೇ ಇರಬೇಕು" ಅಂದರು ತಾತ. "ಅವರು ಮಡಚಿ ಕೊಟ್ಟಿದ್ದು ಬೇರೆ ಯಾವತ್ತೋ ಇರಬೇಕು. ನಾನು ಎರಡು ದಿನಾನೂ ಕಲಸಿಕೊಂಡಿದೀನಿ. ಚಪ್ಪಲಿ ಬದಲಾಯಿಸೋನು ಲಕೋಟೆ ಬದಲಾಯಿಸಲ್ವಾ?"

ಚಪ್ಪಲಿಯ ಮಾತು ಬಂದರೆ ನಾವು ಯಾವಾಗಲೂ ನಗುತ್ತಿದ್ದೆವು. ಅವತ್ತು ಯಾರೂ ನಗಲಿಲ್ಲ. ಒಬ್ಬ ಮನುಷ್ಯ ಐವತ್ತೊಂದು ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದದ್ದನ್ನು ಒಂದು ವಾಕ್ಯಕ್ಕೆ ಕೈಬಿಟ್ಟಿದ್ದ. ದೊಡ್ಡಮ್ಮ ಏನಾದರೂ ಹೇಳುತ್ತಾಳೆಂದು ಕಾದೆ. "ಇಲ್ಲಪ್ಪ, ನೀವಲ್ಲ" ಅಂದಿದ್ದರೆ ಸಾಕಿತ್ತು. ಅವಳು ಎದ್ದು ತಟ್ಟೆ ತೊಳೆಯಲು ಹೋದಳು.

ತಾತ ಅಲ್ಲಿಗೇ ನಿಲ್ಲಿಸಲಿಲ್ಲ. ತಪ್ಪು ತನ್ನದು ಎಂದ ಮೇಲೆ ಕ್ಷಮೆ ಕೇಳುವುದು ಬಾಕಿ ಇದೆ ಎಂದರು. ಆ ನಾನೂರು ಜನರಲ್ಲಿ ಬದುಕಿ ಉಳಿದಿದ್ದವರು, ನಮಗೆ ತಿಳಿದಂತೆ, ಕುಲುಮೆ ಮೇಸ್ತ್ರಿ ಒಬ್ಬರೇ. ಮೂರು ಬೀದಿ ಆಚೆ ಅವರ ಮನೆ. ಕಾರ್ಖಾನೆ ಮುಚ್ಚಿದ ವರ್ಷ ಅವರ ಮಗಳ ಓದು ನಿಂತುಹೋಗಿತ್ತು. ತಾತ ಒಂದಿಡೀ ದಿನ ಹೇಗೆ ಮಾತಾಡಬೇಕೆಂದು ತಮ್ಮಷ್ಟಕ್ಕೇ ಅಭ್ಯಾಸ ಮಾಡಿದರು. ಗೋಡೆಯ ಕಡೆ ಮುಖ ಮಾಡಿ "ಮೇಸ್ತ್ರಿಗಳೇ, ದೊಡ್ಡ ಮನಸ್ಸು ಮಾಡಬೇಕು" ಅನ್ನುತ್ತಿದ್ದದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ಗುರುವಾರ ಬೆಳಿಗ್ಗೆ ನಾವು ಹೊರಡುವಾಗ ಗಡ್ಡ ಮಾಡಿಕೊಳ್ಳುತ್ತಾ ಕನ್ನಡಿಯಲ್ಲೇ ನಮ್ಮನ್ನು ನೋಡಿ ಹೇಳಿದರು, "ಇವತ್ತು ಮಧ್ಯಾಹ್ನದೊಳಗೆ ಹೋಗಿಬರ್ತೀನಿ. ಬಿಸಿಲು ಏರೋ ಮುಂಚೆ."

ಆ ಗುರುವಾರ ನಮ್ಮ ಮೇಜಿನ ಮೇಲೆ ಪುಸ್ತಕದ ಕೊನೆಯ ಭಾಗವಿತ್ತು, ಪದಸೂಚಿ. ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಪಟ್ಟಿ. ಪ್ರೊಫೆಸರರ ಶಿಷ್ಯೆಯೊಬ್ಬಳು ಮಾಡಿದ್ದು. ಅದನ್ನು ತಿದ್ದುವ ಕ್ರಮ ಬೇರೆ. ನಾನು ಒಂದೊಂದೇ ಪದವನ್ನೂ ಅದರ ಮುಂದಿನ ಪುಟಸಂಖ್ಯೆಯನ್ನೂ ಓದಬೇಕು, ದೊಡ್ಡಮ್ಮ ಆ ಪುಟ ತೆಗೆದು ಇದೆಯೋ ಇಲ್ಲವೋ ನೋಡಬೇಕು. ಹನ್ನೊಂದು ಗಂಟೆಯ ಸುಮಾರಿಗೆ ‘ಲ’ಕ್ಕೆ ಬಂದೆವು.

"ಲಕೋಟೆ ಪ್ರಸಂಗ" ಎಂದು ಓದಿ ನಾಲಿಗೆ ಕಚ್ಚಿಕೊಂಡೆ. ದೊಡ್ಡಮ್ಮ "ಓದು" ಅಂದಳು. "ಅರವತ್ತೊಂದು ಕಾಮಾ ಮುನ್ನೂರ ಎಂಬತ್ತೆಂಟು."

"ಅರವತ್ತೊಂದು ತಪ್ಪು. ಅದು ನಾಲ್ಕನೇ ಫಾರಂ, ಅಲ್ಲೆಲ್ಲಿ ಬಂತು? ಮುನ್ನೂರ ಅರವತ್ತೊಂದು ಇರಬೇಕು."

ಮುನ್ನೂರ ಅರವತ್ತೊಂದು ತೆಗೆದಳು. ಅಲ್ಲಿ ಆಸ್ಪತ್ರೆಯ ಉದ್ಘಾಟನೆ ನಡೆಯುತ್ತಿತ್ತು. ಹಿಂದಿನ ಪುಟ, ಮುಂದಿನ ಪುಟ, ಎಲ್ಲೂ ಲಕೋಟೆ ಇಲ್ಲ. ಬೇಸರದಿಂದಲೇ ಅರವತ್ತೊಂದು ತೆಗೆದಳು. ಸಾಹುಕಾರರ ನಿತ್ಯದ ಅಭ್ಯಾಸಗಳನ್ನು ಹೇಳುವ ಅಧ್ಯಾಯ. ಎಷ್ಟು ಗಂಟೆಗೆ ಏಳುತ್ತಿದ್ದರು, ಎಷ್ಟು ಕಾಗದ ಬರೆಸುತ್ತಿದ್ದರು, ಯಾವ ಬಣ್ಣದ ಶಾಯಿ. ಪುಟದ ಅಂಚಿನ ತುಂಬ ದೊಡ್ಡಮ್ಮನ ಕೆಂಪು ಗುರುತು. ಇಪ್ಪತ್ತಮೂರು ತಪ್ಪು ಸಿಕ್ಕಿದ ಪುಟ ಅದು, ಇಡೀ ಪುಸ್ತಕಕ್ಕೇ ದಾಖಲೆ. ಅವತ್ತು ನಾವು ಅದನ್ನೇ ದೊಡ್ಡ ಬೇಟೆ ಮಾಡಿದ ಹಾಗೆ ಪ್ರೆಸ್ಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆವು. ಆ ಕೆಂಪು ಗುರುತುಗಳ ಮಧ್ಯೆ, ಕಾಗದ ಬರೆಸುವ ಅಭ್ಯಾಸಕ್ಕೆ ಉದಾಹರಣೆಯೆಂದು ದಿನಚರಿಯಿಂದ ಎತ್ತಿಕೊಟ್ಟ ಐದು ಸಾಲು ಇತ್ತು:

‘ಇಬ್ಬರ ಕಾಗದವನ್ನೂ ನಾನೇ ಮಡಚಿ, ತಮ್ಮನದನ್ನು ಪಾಲುದಾರನ ಲಕೋಟೆಗೂ ಪಾಲುದಾರನದನ್ನು ತಮ್ಮನ ಲಕೋಟೆಗೂ ಹಾಕಿ ಗುಮಾಸ್ತನ ಕೈಗೆ ಕೊಟ್ಟೆ. ಅವನು ಅಂಟು ಹಚ್ಚಿದ. ಒಬ್ಬರ ಮೇಲೊಬ್ಬರು ಬಿದ್ದು ಇಬ್ಬರೂ ತಾವಾಗಿ ಹೊರಗೆ ಹೋಗಲಿ, ಹೊರಹಾಕಿದವನು ನಾನೆಂದು ಆಗಬಾರದು. ಮಾತು ಗುಮಾಸ್ತನ ಮೇಲೆ ಬರುತ್ತದೆ. ಪಾಪದವನು, ತಡೆದುಕೊಳ್ಳುತ್ತಾನೆ.’

ಕೆಳಗೆ ದೊಡ್ಡಮ್ಮನ ಸಹಿ, ತಾರೀಖು. ಒಂದೂವರೆ ತಿಂಗಳ ಹಿಂದಿನದು. ಅವತ್ತು ಇದನ್ನು ಗಟ್ಟಿಯಾಗಿ ಓದಿದವಳು ನಾನೇ, ಕೊಕ್ಕೆ, ಕಾಮಾ, ನಿಲ್ಲು ಸಮೇತ. ಕೇಳಿಸಿಕೊಂಡು ತಿದ್ದಿದವಳು ಅವಳೇ. ಅವತ್ತು ಸಂಜೆ ಮನೆಗೆ ಹೋಗಿ, "ಬಂತಾ?" ಎಂದವರಿಗೆ "ಇನ್ನೂ ಇಲ್ಲ" ಎಂದಿದ್ದೆವು.

"ನಾವು ಓದಿದೀವಿ" ಅಂದಳು ದೊಡ್ಡಮ್ಮ. ದನಿ ಅವಳದಾಗಿರಲಿಲ್ಲ. "ಓದಿದೀವಿ ಕಣೇ, ಇದನ್ನ."

ಗಡಿಯಾರ ನೋಡಿದೆ. ಹನ್ನೊಂದೂ ಕಾಲು. ಮನೆಗೆ ಫೋನು ಮಾಡಿದೆ. ರಿಂಗಾಯಿತು, ಎತ್ತುವವರಿಲ್ಲ. ಬಚ್ಚಲಲ್ಲಿರಬಹುದು ಎಂದುಕೊಂಡು ಮತ್ತೆ ಮಾಡಿದೆ. ಇಲ್ಲ. ಅಷ್ಟರಲ್ಲಿ ದೊಡ್ಡಮ್ಮ ಮಶಿನ್ ರೂಮಿಗೆ ಓಡಿದ್ದಳು. ಮೂವತ್ತೊಂಬತ್ತು ವರ್ಷದಲ್ಲಿ ಅವಳು ಓಡಿದ್ದನ್ನು ಕಂಡವರಿಲ್ಲ. ಇಪ್ಪತ್ತನಾಲ್ಕನೇ ಫಾರಂ ಮಶಿನ್ ಮೇಲಿತ್ತು. ಇಪ್ಪತ್ತೈದರದು ಊಟದ ನಂತರದ ಸರದಿ.

"ಇಪ್ಪತ್ತೈದು ನಿಲ್ಲಿಸಿ" ಎಂದು ಯಂತ್ರದ ಸದ್ದಿನ ಮೇಲೆ ಕೂಗಿದಳು.

ಮಾಲೀಕರು ಬಂದರು. ಅವರು ಕೆಟ್ಟವರಲ್ಲ, ಆದರೆ ನಿಂತ ಮಶಿನ್ ಕಂಡರೆ ಅವರಿಗೆ ಉಸಿರು ಕಟ್ಟುತ್ತದೆ. "ಏನಮ್ಮ ಇದು? ನೀವೇ ಸಹಿ ಹಾಕಿದ್ದೀರಲ್ಲ?"

"ಹಾಕಿದೀನಿ ಸಾರ್, ತಪ್ಪು ನನ್ನದೇ. ಅರವತ್ತೊಂದನೇ ಪುಟ ಒಂದು ಹೇಳುತ್ತೆ, ಮುನ್ನೂರ ಎಂಬತ್ತೆಂಟು ಇನ್ನೊಂದು ಹೇಳುತ್ತೆ. ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ. ಯಾವುದು ಇರಬೇಕು ಅಂತ ಪ್ರೊಫೆಸರು ಹೇಳಲಿ."

ಆ ಗುಮಾಸ್ತ ತನ್ನ ಅಪ್ಪ ಎಂದು ಅವಳು ಹೇಳಲಿಲ್ಲ. ಮಾಲೀಕರು ಎರಡೂ ಪುಟ ಓದಿ, ತಲೆ ಕೆರೆದುಕೊಂಡು ಫೋನು ಮಾಡಿದರು. ಪ್ರೊಫೆಸರು ಸಿಕ್ಕಿದರು, ಆದರೆ ದಿನಚರಿಯ ನಕಲು ನೋಡಿ ಹೇಳುತ್ತೇನೆ, ಇಪ್ಪತ್ತು ನಿಮಿಷ ಕೊಡಿ ಎಂದರು. ಆ ಇಪ್ಪತ್ತು ನಿಮಿಷದಂಥ ಇಪ್ಪತ್ತು ನಿಮಿಷವನ್ನು ನಾನು ಇನ್ನೊಮ್ಮೆ ಕಳೆಯಲಾರೆ. ಪ್ರೊಫೆಸರು ಅರವತ್ತೊಂದೇ ತಪ್ಪು ಎಂದುಬಿಟ್ಟರೆ? ಆಗಲೇ ಅಚ್ಚಾಗಿದ್ದ ಆ ಪುಟಕ್ಕೊಂದು ತಿದ್ದೋಲೆ ಅಂಟಿಸಿ ಎಂದರೆ? ದೊಡ್ಡಮ್ಮ ಫೋನಿನ ಪಕ್ಕ ನಿಂತೇ ಇದ್ದಳು. ನಾನು ಮನೆಗೆ ಫೋನು ಮಾಡುತ್ತಲೇ ಇದ್ದೆ. ಅದು ರಿಂಗಾಗುತ್ತಲೇ ಇತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಪ್ರೊಫೆಸರರ ಫೋನು ಬಂತು. ಅರವತ್ತೊಂದು ಸರಿ, ಸಾಹುಕಾರರ ಸ್ವಂತ ಕೈಬರಹದಲ್ಲೇ ಇದೆ. ಮುನ್ನೂರ ಎಂಬತ್ತೆಂಟರ ಆ ವಾಕ್ಯ ಕಂಪನಿಯ ಹಳೆಯ ಸ್ಮರಣ ಸಂಚಿಕೆಯಿಂದ ಮೊದಲ ವರ್ಷ ಎತ್ತಿ ಬರೆದುಕೊಂಡದ್ದು, ಆ ವರ್ಷದ ದಿನಚರಿ ಸಿಕ್ಕಿದ ಮೇಲೆ ತಿದ್ದಲು ಮರೆತಿದ್ದರು. "ಒಳ್ಳೆ ಕಣ್ಣು ನಿಮ್ಮದು, ಮರ್ಯಾದೆ ಉಳಿಸಿದ್ರಿ" ಎಂದು ದೊಡ್ಡಮ್ಮನನ್ನು ಹೊಗಳಿದರು ಕೂಡ. ಹೊಗಳಿಕೆ ಕೇಳಿ ಅವಳ ಮುಖ ಕಪ್ಪಿಟ್ಟಿತು. ಆ ವಾಕ್ಯದ ಮೇಲೆ ಕೆಂಪು ಗೀಟು ಎಳೆದು, ಅದರ ಮೇಲೇ ಇನ್ನೊಮ್ಮೆ ಎಳೆದು, ಅರವತ್ತೊಂದನೇ ಪುಟವನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡು ಹೊರಟಳು. ಪ್ರೆಸ್ಸಿನ ಕಾಗದ ಹೊರಗೆ ಒಯ್ಯಬಾರದೆಂದು ನನಗೆ ಹತ್ತು ಸಲ ಹೇಳಿದ್ದವಳು ಅವಳೇ. ಮಾಲೀಕರು ನೋಡಿಯೂ ಬಾಗಿಲು ಬಿಟ್ಟು ಸರಿದರು.

ಮನೆಗೆ ಬೀಗ. ಅಲ್ಲಿಂದ ಮೂರು ಬೀದಿ. ಅರವತ್ತಮೂರು ವರ್ಷದ ಹೆಂಗಸು ನನಗಿಂತ ಮುಂದೆ ಹೋಗುತ್ತಿದ್ದಳು. ತಾತ ಇನ್ನೂ ದಾರಿಯಲ್ಲೇ ಇರಲಿ, ಯಾವುದಾದರೂ ಜಗುಲಿಯ ಮೇಲೆ ಸುಧಾರಿಸಿಕೊಳ್ಳುತ್ತಾ ಕೂತಿರಲಿ, ಬೇರೆಯವರ ಚಪ್ಪಲಿಯಲ್ಲಾದರೂ ಸರಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ದಾರಿಯಲ್ಲಿ ಎಲ್ಲೂ ಇರಲಿಲ್ಲ.

ಮೇಸ್ತ್ರಿಯವರ ಮನೆಯ ಮುಂಬಾಗಿಲು ತೆರೆದಿತ್ತು. ಸಣ್ಣ ಕೋಣೆ, ಒಂದು ಮಂಚ, ಎರಡು ಕುರ್ಚಿ. ಮಂಚದ ಮೇಲೆ ಮೇಸ್ತ್ರಿ, ಮೊಣಕೈವರೆಗೂ ಹಳೆಯ ಸುಟ್ಟಗಾಯದ ಕಲೆ. ಕುರ್ಚಿಯಲ್ಲಿ ತಾತ, ಕೈಯಲ್ಲಿ ಚಹಾದ ಲೋಟ. ಇಬ್ಬರ ಕಣ್ಣೂ ಒದ್ದೆಯಾಗಿತ್ತು.

"ಬನ್ನಿ, ಬನ್ನಿ" ಅಂದರು ಮೇಸ್ತ್ರಿ. "ನಿಮ್ಮಪ್ಪ ಬಂದು ಕೈ ಮುಗಿದುಬಿಟ್ರು. ಈ ವಯಸ್ಸಲ್ಲಿ ನಾನೇನು ಹೇಳಲಿ? ಆಗಿದ್ದು ಆಗೋಯ್ತು, ಮನುಷ್ಯ ಅಂದಮೇಲೆ ತಪ್ಪು ಮಾಡ್ತಾನೆ, ಬಿಡಿ ಅಂದೆ."

ತಾತ ನಮ್ಮನ್ನು ನೋಡಿ ಸಣ್ಣಗೆ ನಕ್ಕರು. ಭಾರ ಇಳಿಸಿದವರ ನಗು. ಅದನ್ನು ನೋಡಿ, ಹೇಳುವುದು ಬೇಡ, ಹಾಗೇ ಮನೆಗೆ ಕರಕೊಂಡು ಹೋಗೋಣ ಎಂದು ಒಂದು ಕ್ಷಣ ನನಗನ್ನಿಸಿತು.

"ಅಪ್ಪಾ, ನೀವಲ್ಲ" ಅಂದಳು ದೊಡ್ಡಮ್ಮ. ಕಾಗದ ತೆಗೆದಳು. ಕನ್ನಡಕ ಪ್ರೆಸ್ಸಿನಲ್ಲೇ ಉಳಿದಿತ್ತು. ಕಾಗದವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಆಮೇಲೆ ನನ್ನ ಕೈಗೆ ಕೊಟ್ಟಳು. ನಾನು ಓದಿದೆ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯದೆ ಒಂದೇ ಉಸಿರಿಗೆ ಓದಿದೆ. ‘ತಡೆದುಕೊಳ್ಳುತ್ತಾನೆ’ ಎಂಬಲ್ಲಿಗೆ ಮುಗಿಯಿತು.

ಮೇಸ್ತ್ರಿ ಮಂಚದಿಂದ ಎದ್ದು ನಿಂತರು, ಮತ್ತೆ ಕೂತರು. "ಲಕೋಟೆ ಗುಮಾಸ್ತ ಅನ್ನೋ ಹೆಸರು ಇಟ್ಟವನು ನಾನೇ, ಗುಮಾಸ್ತರೇ" ಎಂದರು. "ಕುಲುಮೆ ಮುಂದೆ ನಿಂತು ನಾನೇ ಮೊದಲು ಅಂದಿದ್ದು. ಎಲ್ಲಾರೂ ನಕ್ಕಿದ್ರು."

ತಾತ ಅವರ ಕಡೆ ತಿರುಗಲೇ ಇಲ್ಲ. ಅವರು ನೋಡುತ್ತಿದ್ದದ್ದು ಮಗಳನ್ನು.

"ನಿನಗೆ ಯಾವಾಗ ಗೊತ್ತಾಯ್ತು?"

"ಈಗ ಅಪ್ಪಾ. ಹನ್ನೊಂದು ಗಂಟೆಗೆ. ಗೊತ್ತಾದ ತಕ್ಷಣ ಓಡಿ ಬಂದೆ."

"ಹನ್ನೊಂದು ಗಂಟೆಗೆ" ಎಂದರು ತಾತ. "ನಾನು ನಿನಗೆ ಹನ್ನೆರಡು ವರ್ಷ ಇದ್ದಾಗಿಂದ ಹೇಳ್ತಾ ಇದೀನಲ್ಲಮ್ಮ."

ದೊಡ್ಡಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ನಾನಾಗಿದ್ದರೆ ಜಾರಿಕೊಳ್ಳುತ್ತಿದ್ದೆ.

"ನಾನು ನಂಬಿರಲಿಲ್ಲ ಅಪ್ಪಾ" ಅಂದಳು. "ಒಂದು ದಿನಾನೂ ನಂಬಿರಲಿಲ್ಲ."

ತಾತ ಲೋಟವನ್ನು ನೆಲದ ಮೇಲಿಟ್ಟರು.

"ಪುಸ್ತಕದಲ್ಲಿ ಬಂದ ಮೇಲೆ ನಾನೂ ನಂಬಲಿಲ್ಲ, ನನ್ನನ್ನ. ಇಲ್ಲಿ ಬಂದು ಕೈ ಮುಗಿದೆ. ನಿನ್ನ ಮೇಲೆ ಯಾವ ಬಾಯಲ್ಲಿ ಕೋಪ ಮಾಡ್ಕೊಳ್ಳಲಿ, ಹೇಳು?"

ದೊಡ್ಡಮ್ಮ ಅಲ್ಲೇ, ಮೇಸ್ತ್ರಿಯವರ ಮನೆಯ ಹೊಸಿಲ ಮೇಲೆ ಕೂತು, ಬೀದಿಯವರಿಗೆಲ್ಲ ಕೇಳಿಸುವ ಹಾಗೆ ಅತ್ತಳು.